ನಮ್ಮೂರಿಗೆ ಬಂದ ಸುಳ್ಳು ಕೋರ್ಟು

ನನ್ನ ಮಗಳು ಲಾ ಓದುತ್ತೇನೆಂದು ಗುಲಬರ್ಗಾಕ್ಕೆ ಹೋದಾಗ ಅವಳು ಅಲ್ಲಿ ಓದುತ್ತಾಳೆ ಎಂದೇ ನಾನು ತಿಳಿದಿದ್ದೆ. ಹೋದವಳು ಸಂಘ ಸೇರಿದಳು. ಕಾನೂನು ವಿದ್ಯಾರ್ಥಿಗಳ ಸಂಘವಂತೆ. ಊರಿಗೆ ಬಂದಾಗಲೆಲ್ಲ ಅದೇ ಮಾತು. ಸಂಘ ಹಾಗೆ ಮಾಡಿತು, ಸಂಘ ಹೀಗೆ ಮಾಡಿತು. ಪಾಠ ಎಲ್ಲಿಗೆ ಬಂತು ಎಂದು ನಾನು ಕೇಳಿದರೆ ನಗುತ್ತಿದ್ದಳು.

"ಯವ್ವಾ, ಪಾಠ ಓದಿದವ್ರು ಭಾಳ ಮಂದಿ ಅದಾರ. ಸಂಘದಾಗ ನಿಂತು ಮಾತಾಡಾಕ ಕಲತವ್ರ ಖರೆ ವಕೀಲರಾಗ್ತಾರ."

"ನೀ ಮಾತಾಡೀ ಏನ್ ಅಲ್ಲಿ?" ಎಂದೆ.

ಮಾತು ತಿರುಗಿಸಿದಳು. ಆಮೇಲೆ ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೊರಬಿತ್ತು. ಎರಡು ವರ್ಷದಿಂದ ಆ ಸಂಘದಲ್ಲಿ ಇವಳ ಕೆಲಸ ಗಣಪತಿಯ ಮೇಲಿನ ಸ್ವಾಗತ ಗೀತೆ ಹಾಡುವುದು. ವಾದ ಮಾಡುವವರು ಗಂಡು ಹುಡುಗರು. ಹೆಣ್ಣು ಹುಡುಗಿಯರು ರಂಗೋಲಿ ಹಾಕಬೇಕು, ಬಂದ ಜಡ್ಜುಗಳಿಗೆ ಹಾರ ಕೊಡಬೇಕು, ಚಹಾದ ಕಪ್ಪು ಎಣಿಸಿ ಇಡಬೇಕು. ನನ್ನ ಮಗಳ ದನಿ ನನಗೆ ಗೊತ್ತಿಲ್ಲವೇ? ಹೊಲದಲ್ಲಿ ಹಕ್ಕಿ ಓಡಿಸುವುದಕ್ಕೆ ಅದು ಒಳ್ಳೆಯ ದನಿ. ಅದರಲ್ಲಿ ಅವಳು ಎರಡು ವರ್ಷ ಗಣಪತಿಯನ್ನು ಸ್ವಾಗತಿಸಿದ್ದಳು. ಪಾಪ, ಗಣಪತಿಯ ಕಿವಿ ಮೊದಲೇ ದೊಡ್ಡವು.

ಇದು ಎಂಬತ್ತರ ದಶಕದ ಮಾತು. ಜೇವರ್ಗಿಯಿಂದ ಅಂದೋಲಾ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿಗೆ ಕರೆಂಟು ಬಂದಿತ್ತು, ಬಂದಷ್ಟೇ ಜಲ್ದಿ ಹೋಗುತ್ತಲೂ ಇತ್ತು.

ಆ ಸಂಘದವರು ವರ್ಷಕ್ಕೊಬ್ಬರನ್ನು ಧಾರವಾಡದಲ್ಲಿ ನಡೆಯುವ ದೊಡ್ಡ ಸ್ಪರ್ಧೆಗೆ ಕಳಿಸುತ್ತಿದ್ದರು. ಬೇರೆ ಬೇರೆ ಕಾಲೇಜಿನವರು ಬಂದು ಎದುರುಬದುರು ನಿಂತು ವಾದ ಮಾಡುವ ಸ್ಪರ್ಧೆ. ನನ್ನ ಮಗಳಿಗೆ ಅಲ್ಲಿಗೆ ಹೋಗಬೇಕು. ಅದು ಅವಳ ಕಡೇ ವರ್ಷ; ಈ ಸಲ ತಪ್ಪಿದರೆ ತಪ್ಪಿತು. ಆದರೆ ಯಾರು ಹೋಗಬೇಕು ಅನ್ನುವುದು ಸಂಘದ ಸೆಕ್ರೆಟರಿಯ ಕೈಯಲ್ಲಿ. ಆ ಸೆಕ್ರೆಟರಿ ಆಳಂದದ ಬಟ್ಟೆ ಅಂಗಡಿ ಸಾಹುಕಾರರ ಮಗ, ಕ್ಯಾಂಟೀನಿಗೂ ಕರಿ ಕೋಟು ಹಾಕಿಕೊಂಡು ಹೋಗುವ ಜಾತಿಯವನು. ಅವನು ಪ್ರತಿ ವರ್ಷ ಬಹಳ ವಿಚಾರ ಮಾಡಿ ತನ್ನನ್ನೇ ಆರಿಸುತ್ತಿದ್ದ.

ಆ ವರ್ಷ ಸಂಘಕ್ಕೆ ಒಂದು ಹಳ್ಳಿಯಲ್ಲಿ ಶಿಬಿರ ಮಾಡುವ ಕೆಲಸ ಬಂತು. ಹಳ್ಳಿ ಮಂದಿಗೆ ಕಾನೂನು ತಿಳಿಸಬೇಕು, ಕಡೇ ದಿನ ಅವರ ಮುಂದೆ ಒಂದು ಅಣುಕು ನ್ಯಾಯಾಲಯ ನಡೆಸಬೇಕು. ಅಂದರೆ ಖರೆ ಕೋರ್ಟಿನ ಹಾಗೇ ಎಲ್ಲ ಇರುತ್ತದೆ, ಖಟ್ಲೆ ಮಾತ್ರ ಸುಳ್ಳು. ಊಟ ಹಾಕುವ ಹಳ್ಳಿ ಮಾತ್ರ ಅವರಿಗೆ ಸಿಗಲಿಲ್ಲ. ಆಗ ನನ್ನ ಮಗಳು ಎದ್ದು ನಿಂತು ವ್ಯಾಪಾರ ಕುದುರಿಸಿದಳು. ನಮ್ಮೂರಿಗೆ ಬರ್ರಿ, ಎಲ್ಲರಿಗೂ ನಮ್ಮವ್ವ ಅಡುಗೆ ಮಾಡಿ ಹಾಕುತ್ತಾಳೆ. ಅದಕ್ಕೆ ಬದಲು ಕೋರ್ಟಿನಲ್ಲಿ ಒಂದು ಕಡೆಯ ವಕೀಲಿ ನನಗೆ ಕೊಡಬೇಕು. ಗೆದ್ದವರು ಧಾರವಾಡಕ್ಕೆ. ಸಂಘ ನೋಡಿಕೊಳ್ಳುವ ಪ್ರೊಫೆಸರು ಒಪ್ಪಿದರು. ಸೆಕ್ರೆಟರಿಯೂ ನಕ್ಕು ಒಪ್ಪಿದ. ರೊಟ್ಟಿ ತಟ್ಟಬೇಕಾದ ನನ್ನನ್ನು ಒಂದು ಮಾತು ಯಾರೂ ಕೇಳಲಿಲ್ಲ.

"ಎಷ್ಟ ಮಂದಿ ಬೇ?" ಎಂದೆ ಅವಳು ಬಂದು ಹೇಳಿದಾಗ.

"ಒಂದ್ ಟೆಂಪೋ ತುಂಬ ಬರ್ತಾರ ಯವ್ವಾ."

"ನಿನ್ನ ಬಾಯಿ ತೆರಿಸಾಕ ನನ್ನ ಕೈ ಸುಡಬೇಕಾ?"

"ಹೌದು" ಅಂದಳು. ನಾಚಿಕೆ ಇಲ್ಲ ಅವಳಿಗೆ. ಅಲ್ಲಿಗೆ ನಾನೂ ಒಪ್ಪಿದೆ. ನಾಚಿಕೆ ಇಟ್ಟುಕೊಂಡು ಕೇಳಿದ್ದರೆ ಬೈದು ಕಳಿಸುತ್ತಿದ್ದೆ.

ಟೆಂಪೋ ಬಂತು. ಸಾಲೆಯಲ್ಲಿ ಇಳಿದರು. ನಮ್ಮ ಓಣಿಯ ಹೆಣ್ಣುಮಕ್ಕಳು ನಾಲ್ಕಾರು ಮಂದಿ ನನಗೆ ಜೊತೆಯಾದರು. ಬಿಳಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತೊಗರಿಬೇಳೆ. ಪಟ್ಟಣದ ಹುಡುಗರು ಮೊದಲನೇ ಹೊತ್ತು ನಾಜೂಕಾಗಿ ಮುರಿದು ತಿಂದರು. ಎರಡನೇ ಹೊತ್ತಿಗೆ ಬುಟ್ಟಿಯನ್ನೇ ಎಳೆದುಕೊಂಡರು.

ಹಗಲು ಓಣಿ ಓಣಿ ತಿರುಗಿ ಕಾನೂನು ಹೇಳಿದರು. ಒಬ್ಬ ಹುಡುಗ ನಮ್ಮ ಕಟ್ಟೆಯ ಮೇಲೆ ಕೂತು, ವರದಕ್ಷಿಣೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ ಎಂದು ಚಂದ ಮಾಡಿ ತಿಳಿಸಿದ.

"ನಿಂದು ಲಗ್ನ ಆಗೇದೇನಪಾ?" ಎಂದು ಕೇಳಿದೆ.

"ಇಲ್ರಿ ಅವ್ವಾರ, ಬರೂ ವರ್ಷ."

"ಎಷ್ಟ ತಗೋತೀ?"

"ಅದ್ ನಮ್ಮಪ್ಪ ನೋಡ್ಕೋತಾನ್ರಿ" ಅಂದ. ಆಮೇಲೆ ಅವನಿಗೇ ತಿಳಿದು ಕಿವಿ ಕೆಂಪಾದವು. ಮುಂದಿನ ಓಣಿಗೆ ಹೋದ.

ಕೋರ್ಟಿಗೆ ಅವರು ಬರೆದುಕೊಂಡು ಬಂದ ಖಟ್ಲೆ ಇದು: ಒಬ್ಬ ರೈತ ತನ್ನ ಹೊಲಕ್ಕೂ ಪಕ್ಕದವನ ಹೊಲಕ್ಕೂ ನಡುವೆ ಇರುವ ಗಡಿಕಲ್ಲನ್ನು ಕಿತ್ತು, ಪಕ್ಕದವನ ಹೊಲದ ಒಳಗೆ ಸರಿಸಿ ಹುಗಿದಿದ್ದಾನೆ. ಆ ಆರೋಪಿಯ ವೇಷ ಅಫಜಲಪುರದ ಒಬ್ಬ ಸಣಕಲ ಹುಡುಗನಿಗೆ. ಆ ತೋಳಿನಲ್ಲಿ ಅವನು ಗಡಿಕಲ್ಲಲ್ಲ, ಮೆಣಸಿನ ಗಿಡ ಕಿತ್ತರೂ ಹೆಚ್ಚು. ಅವನ ಪರ ನನ್ನ ಮಗಳು. ಅವನು ತಪ್ಪುಗಾರ ಎಂದು ಸಾಬೀತು ಮಾಡುವ ಸರಕಾರಿ ವಕೀಲ ಸೆಕ್ರೆಟರಿ. ಜಡ್ಜು ಪ್ರೊಫೆಸರು. ಕಲ್ಲು ಸರಿಸಿದ್ದನ್ನು ಕಂಡೆ ಎನ್ನುವ ಒಬ್ಬ ಸಾಕ್ಷಿ ಮಾತ್ರ ಊರವನೇ ಆಗಿರಲಿ, ಮಂದಿ ಕೂತು ನೋಡುತ್ತಾರೆ ಎಂದ ಸೆಕ್ರೆಟರಿ.

"ನಮ್ಮಪ್ಪನ್ನ ತಗೋರಿ" ಎಂದಳು ನನ್ನ ಮಗಳು.

ಅವನಿಗೆ ಅದು ಹಬ್ಬ. ಎದುರು ವಕೀಲೆಯ ಅಪ್ಪನೇ ತನ್ನ ಸಾಕ್ಷಿ! ಅವತ್ತು ಸಂಜೆ ನಮ್ಮ ಮನೆಯವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ. ನಾನು ಎತ್ತು ಹೊಡೆದುಕೊಂಡು ಬರುತ್ತಿದ್ದೆ, ಆರೋಪಿ ಹಾರೆಯಿಂದ ಕಲ್ಲು ಮೀಟುತ್ತಿದ್ದ, ನಾನು ಕಣ್ಣಾರೆ ಕಂಡೆ. ನಮ್ಮ ಮನೆಯವರಿಗೆ ಹುರುಪು ಬಂದುಬಿಟ್ಟಿತು. ಕೊಟ್ಟಿಗೆಗೆ ಹೋಗಿ ಎತ್ತಿನ ಮುಂದೆಯೂ ಅದನ್ನೇ ಹೇಳಿದರು. ಸುಳ್ಳು ಹೇಳುವುದು ಅವರಿಗೆ ಹೊಸ ವಿದ್ಯೆ ಏನಲ್ಲ. ಬೀಡಿ ಸೇದಿಲ್ಲ, ಸೇಂದಿ ಅಂಗಡಿ ಕಡೆ ಹೋಗಿಲ್ಲ, ಹೊಲದಲ್ಲಿ ಗಳೆ ಹೊಡೆದು ಈಗ ಬಂದು ಕೂತೆ ಎಂದು ದಿನಾ ಹೇಳುತ್ತಿದ್ದರು, ನಾನು ದಿನಾ ಕೇಳುತ್ತಿದ್ದೆ.

ಮರುದಿನ ಸಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕೋರ್ಟು ಹೂಡಿದರು. ಇಡೀ ಊರು ನೆರೆದಿತ್ತು. ಪ್ರೊಫೆಸರು ಹೆಡ್‌ಮಾಸ್ತರರ ಕುರ್ಚಿಯಲ್ಲಿ, ಆ ಬಿಸಿಲಿನಲ್ಲಿ, ಕರಿ ನಿಲುವಂಗಿ ಹಾಕಿಕೊಂಡು ಬೆವರುತ್ತ ಕೂತರು. ಮೇಜು ಕುಟ್ಟಲು ಸುತ್ತಿಗೆ ಬೇಕು ಎಂದರು. ಖರೆ ಕೋರ್ಟಿನಲ್ಲಿ ಯಾವ ಜಡ್ಜೂ ಕುಟ್ಟುವುದಿಲ್ಲ ಎಂದು ನನ್ನ ಮಗಳು ಗೊಣಗಿದಳು. ಸಿನಿಮಾದಲ್ಲಿ ಕುಟ್ಟುತ್ತಾರೆ, ಮಂದಿಗೆ ಅದು ಬೇಕು ಎಂದ ಸೆಕ್ರೆಟರಿ. ನಾನು ಎಲೆಅಡಿಕೆ ಕುಟ್ಟುವ ಗುಂಡು ಕೊಟ್ಟೆ. ನಾನು ಸಾರಿನ ಕೊಪ್ಪರಿಗೆ ಕಾಯುತ್ತ ಅಲ್ಲೇ ಪಕ್ಕದಲ್ಲಿ ಕೂತೆ.

ಸೆಕ್ರೆಟರಿ ಎದ್ದು ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದ. ಮಂದಿಗೆ ಒಂದು ಅಕ್ಷರ ತಿಳಿಯಲಿಲ್ಲ. ಭಾಳ ಶ್ಯಾಣ್ಯಾ ಅದಾನ ಎಂದರು. ಆಮೇಲೆ ಸಾಕ್ಷಿಯನ್ನು ಕರೆದ. ನಮ್ಮ ಮನೆಯವರು ಒಗೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು, ಮದುಮಗನ ಹಾಗೆ ಬಂದು ನಿಂತರು. ಗುಮಾಸ್ತನ ವೇಷದ ಹುಡುಗ, ದೇವರ ಮೇಲೆ ಆಣೆ ಮಾಡಿ ಸತ್ಯವನ್ನೇ ಹೇಳುತ್ತೇನೆ ಅನ್ನಿರಿ, ಎಂದ. ಅವರು ಬಾಯಿ ತೆರೆಯುವುದರೊಳಗೆ ನನ್ನ ಮಗಳು ಎದ್ದಳು.

"ಮಹಾಸ್ವಾಮಿ, ನನ್ನದೊಂದು ತಕರಾರು ಐತ್ರಿ. ಈ ಸಾಕ್ಷಿ ಲಿಂಗವಂತರು. ನಮ್ಮೂರಾಗ ಆಣಿ ಅಂದ್ರ ಬರೇ ಬಾಯಿಲೆ ಆಗಂಗಿಲ್ರಿ. ಲಿಂಗ ಅಂಗೈಯಾಗ ಹಿಡಕೊಂಡು ಹೇಳ್ಬೇಕು."

ಪ್ರೊಫೆಸರಿಗೆ ಅದು ಬಹಳ ಸೊಗಸು ಕಂಡಿತು. ಸ್ಥಳೀಯ ಪದ್ಧತಿ, ಆಗಲಿ, ಎಂದರು. ಸೆಕ್ರೆಟರಿಯೂ ತಲೆ ಆಡಿಸಿದ. ನಾನು ಮಾತ್ರ ಸೌಟು ಕೆಳಗಿಟ್ಟೆ. ಈ ಹುಡುಗಿ ಅಪ್ಪನನ್ನು ಯಾಕೆ ಎತ್ತಿ ಕೊಟ್ಟಳು ಎನ್ನುವುದು ಆಗ ತಿಳಿಯಿತು. ನಮ್ಮ ಮನೆಯವರ ಸುಳ್ಳು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು.

ಅವರು ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡರು. ಇಟ್ಟುಕೊಂಡೊಡನೆ ಮುಖ ಬದಲಾಯಿತು. ಮದುಮಗ ಹೋಗಿ ಮುದುಕ ಬಂದ.

"ಆರೋಪಿ ಕಲ್ಲು ಮೀಟೋದನ್ನ ನೀವು ಕಂಡೀರಿ. ಹೌದಲ್ರಿ?" ಎಂದ ಸೆಕ್ರೆಟರಿ.

"ಇಲ್ರಿ."

"ಏನ್ರಿ? ನಿನ್ನಿ ಕಂಡೀನಿ ಅಂದ್ರಿ!"

"ನಿನ್ನಿ ಲಿಂಗ ಕರಡಿಗಿ ಒಳಗಿತ್ರಿ. ನೀವು ಏನ್ ಕಲಿಸಿದ್ರಿ ಅದನ್ನ ಅಂದೆ. ಈ ಹುಡುಗನ್ನ ನಾ ಕಂಡಿದ್ದ ಮೊನ್ನಿ, ನಮ್ಮ ಮನ್ಯಾಗ ರೊಟ್ಟಿ ತಿನ್ನೂ ಮುಂದ."

ಅಂಗಳದ ಮಂದಿ ಬಿದ್ದು ಬಿದ್ದು ನಕ್ಕರು. ವಕೀಲನೇ ಸಾಕ್ಷಿಗೆ ಸುಳ್ಳು ಕಲಿಸಿದ್ದು ಕೋರ್ಟಿನ ನಡುವೆ ಬಯಲಾಯಿತು. ನನ್ನ ಮಗಳು ತುಟಿ ಬಿಗಿಹಿಡಿದು ಕೂತಿದ್ದಳು. ಅಲ್ಲಿಗೆ ಮುಗಿದಿದ್ದರೆ ಅವಳು ಗೆದ್ದಹಾಗೆ. ಆದರೆ ಆಳಂದದ ಹುಡುಗನಿಗೆ ಸಿಟ್ಟು ನೆತ್ತಿಗೇರಿತು. ಇಂಗ್ಲಿಷು ಬಿಟ್ಟು ತನ್ನ ಊರಿನ ಭಾಷೆಗೆ ಇಳಿದ.

"ಹಂಗಾದ್ರ ಕಲ್ಲು ಏನ್ ತಾನ ನಡಕೊಂಡು ಹೋತೇನ್ರಿ? ಇವ ಸರಿಸಿಲ್ಲ ಅಂದ್ರ ಮತ್ಯಾರು ಸರಿಸಿದ್ರು? ಹೇಳ್ರಿ! ಲಿಂಗ ಹಿಡದೀರಿ!"

ನಮ್ಮ ಮನೆಯವರು ಅಂಗೈ ನೋಡಿದರು. ಆಮೇಲೆ ಮಂದಿಯ ನಡುವೆ ಕೂತಿದ್ದ ತಮ್ಮ ಕಾಕಾನ ಮಗನನ್ನು ನೋಡಿದರು. ನಮ್ಮ ಹೊಲಕ್ಕೆ ಹತ್ತಿದ ಹೊಲ ಅವನದು.

"ನಾನ ಸರಿಸೀನ್ರಿ" ಎಂದರು.

"ಯಾವ ಕಲ್ಲು?" ಎಂದ ಸೆಕ್ರೆಟರಿ.

"ನಮ್ಮ ಹೊಲದ್ದು. ಹೋದ ವರ್ಷದ ನಾಗರ ಪಂಚಮಿ ದಿನ. ಊರ ಮಂದಿ ಎಲ್ಲಾ ಜೋಕಾಲಿ ಆಡಾಕತ್ತಿತ್ತು, ಹೊಲದಾಗ ಯಾರೂ ಇರ್ಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಆ ಪಂಚಮಿ ದಿನ ಮೈತುಂಬ ಮಣ್ಣು ಮಾಡಿಕೊಂಡು ಬಂದಿದ್ದರು; ಕೇಳಿದರೆ ಜೋಕಾಲಿಯಿಂದ ಬಿದ್ದೆ ಎಂದಿದ್ದರು. ನಾನು ಸೊಂಟಕ್ಕೆ ಎಣ್ಣೆ ತಿಕ್ಕಿದ್ದೆ.

ಕಾಕಾನ ಮಗ ಎದ್ದು ನಿಂತ. "ಅಣ್ಣಾ! ತೊಗರಿ ಸಾಲು ಕಮ್ಮಿ ಬಿದ್ದಾವ ಅಂತ ನಾ ಬಡಕೊಂಡ್ರ, ನಿನಗ ಎಣಿಸಾಕ ಬರಂಗಿಲ್ಲಲೇ ಅಂದೀ. ಮಂದಿ ಮುಂದ ಅಂದೀ!"

ಗದ್ದಲ ಎದ್ದಿತು. ಪ್ರೊಫೆಸರು ನನ್ನ ಗುಂಡಿನಿಂದ ಮೇಜು ಕುಟ್ಟಿದ್ದೇ ಕುಟ್ಟಿದ್ದು. "ಇದು ಅಣುಕು! ಅಣುಕು ನ್ಯಾಯಾಲಯ! ಇಲ್ಲಿ ಹೇಳಿದ್ದು ಯಾವುದೂ ನಿಜ ಅಲ್ಲ!"

"ನಿಮಗ ಅಣುಕ್ರಿ ಸಾಹೇಬ್ರ" ಎಂದ ಕಾಕಾನ ಮಗ. "ಅವನ ಕೈಯಾಗಿನ ಲಿಂಗ ಅಣುಕು ಅಲ್ಲ."

ಪ್ರೊಫೆಸರು ಗುಂಡು ಕೆಳಗಿಟ್ಟರು. ಸೆಕ್ರೆಟರಿ ಚುರುಕಾದ. ಈ ಸಾಕ್ಷಿಯ ಮಾತು ಖಟ್ಲೆಯ ಕಾಗದದಲ್ಲಿ ಇಲ್ಲ, ಪೂರಾ ತೆಗೆದುಹಾಕಬೇಕು, ಕೋರ್ಟು ಇಲ್ಲಿಗೇ ಬರಖಾಸ್ತು ಮಾಡಬೇಕು ಎಂದ. ಪ್ರೊಫೆಸರು ಹಣೆ ಒರೆಸಿಕೊಂಡು ನನ್ನ ಮಗಳ ಕಡೆ ತಿರುಗಿದರು. "ಆರೋಪಿ ಪರ ವಕೀಲರು ಏನಂತೀರಿ? ತೆಗೆದುಹಾಕೋದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?"

ಒಪ್ಪಿಗೆ ಇದೆ ಎಂದರೆ ಅಪ್ಪನ ಮಾತು ಹುಡುಗಾಟಕ್ಕೆ ಆಡಿದ ಮಾತು ಎಂದು ಸಾಗಿಸಬಹುದಿತ್ತು. ಆದರೆ ಕೋರ್ಟು ಅಲ್ಲಿಗೇ ಮುಗಿಯುತ್ತಿತ್ತು, ಧಾರವಾಡಕ್ಕೆ ಯಾರು ಅನ್ನುವುದು ಮತ್ತೆ ಸೆಕ್ರೆಟರಿಯ ಕೈಗೆ ಹೋಗುತ್ತಿತ್ತು. ಇಲ್ಲ ಎಂದರೆ ಅಪ್ಪನನ್ನು ಊರ ಮುಂದೆ ಗಡಿ ಕದ್ದವನು ಎಂದು ಮಗಳೇ ಮೊಳೆ ಹೊಡೆದ ಹಾಗೆ. ಅವಳು ನನ್ನ ಕಡೆ ನೋಡಿದಳು. ನಾನು ಕೊಪ್ಪರಿಗೆಯ ಮುಚ್ಚಳ ತೆಗೆದು ಸಾರು ತಿರುವಿದೆ. ಮಾತಾಡಬೇಕು, ಮಾತಾಡಬೇಕು ಎಂದು ಕುಣಿದವಳು ಅವಳು. ಈಗ ಮಾತಾಡಲಿ.

"ಒಪ್ಪಿಗಿ ಇಲ್ರಿ ಮಹಾಸ್ವಾಮಿ" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಸಾಕ್ಷಿದಾರರ, ನೀವು ಕಲ್ಲು ಸರಿಸೋ ಮುಂದ ನಿಮ್ಮ ಜೋಡಿ ಈ ಆರೋಪಿ ಇದ್ದನೇನ್ರಿ?"

"ಯಾರಿಗಿ ರೀ ಅಂತೀ ಬೇ? ನಾ ನಿಮ್ಮಪ್ಪ ಅದೀನಿ!"

"ಕೇಳಿದ್ದಕ್ಕ ಉತ್ತರ ಕೊಡ್ರಿ."

"ಇರ್ಲಿಲ್ಲ. ನಾ ಒಬ್ಬನ ಇದ್ದೆ."

"ಎಷ್ಟು ಸರಿಸಿದ್ರಿ?"

"ನಾಕ್ ಸಾಲು."

"ನಿಮಗ ಯಾರರೇ ಹೆದರಿಸಿ ಇದನ್ನ ಹೇಳಿಸ್ಯಾರೇನ್ರಿ?"

"ಈಗ ನೀ ಹೆದರಸಾಕತ್ತೀ ನೋಡು."

ಯಾರೂ ನಗಲಿಲ್ಲ. ಅವಳು ಜಡ್ಜಿನ ಕಡೆ ತಿರುಗಿ ನಿಂತಳು. ಹಕ್ಕಿ ಓಡಿಸುವ ಆ ದನಿ ಆವತ್ತು ಬೇವಿನ ಮರದ ಆಚೆ, ಸಾಲೆಯ ಗೋಡೆಯ ಆಚೆ, ಬಸ್ಸು ಕಾಯುತ್ತ ನಿಂತವರಿಗೂ ಕೇಳಿಸಿತು. ಈ ಕೋರ್ಟಿನ ಮುಂದೆ ಬಂದ ಕಲ್ಲು ಒಂದೇ, ಸರಿಸಿದವರು ಎಂದು ಒಪ್ಪಿದವರೂ ಒಬ್ಬರೇ. ಸರಕಾರಿ ವಕೀಲರು ತಾವೇ ಕರೆತಂದ ಸಾಕ್ಷಿಯ ಮಾತಿನಲ್ಲಿ ಬೇಕಾದದ್ದು ಇಟ್ಟುಕೊಂಡು ಬೇಡವಾದದ್ದು ಬಿಡಲು ಬರುವುದಿಲ್ಲ. ಸಾಕ್ಷಿ ನನ್ನ ತಂದೆ, ಇದನ್ನು ಹೇಳುವುದರಿಂದ ನನ್ನ ಮನೆಗೇ ಲುಕ್ಸಾನು, ಆದರೆ ನಾನು ಇಲ್ಲಿ ನಿಂತಿದ್ದು ನನ್ನ ಮನೆಯ ಪರವಾಗಿ ಅಲ್ಲ, ಈ ಹುಡುಗನ ಪರವಾಗಿ. ಇವನನ್ನು ಬಿಡಬೇಕು. ಹೀಗೆ ಹೇಳುತ್ತಾ ಹೋದಳು. ಎಲ್ಲ ಕನ್ನಡದಲ್ಲೇ ಹೇಳಿದ್ದರಿಂದ ಮಂದಿಗೆ ತಿಳಿಯಿತು, ಶ್ಯಾಣ್ಯಾಕಿ ಎಂದು ಯಾರೂ ಅನ್ನಲಿಲ್ಲ. ಅಫಜಲಪುರದ ಹುಡುಗ ಮಾತ್ರ ಖರೆ ಜೈಲು ತಪ್ಪಿದವನ ಹಾಗೆ ಕಣ್ಣು ಒರೆಸಿಕೊಂಡ.

ಆರೋಪಿ ನಿರ್ದೋಷಿ ಎಂದು ಪ್ರೊಫೆಸರು ಗುಂಡು ಕುಟ್ಟಿದರು. ಧಾರವಾಡದ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಗುಲಬರ್ಗಾಕ್ಕೆ ಹೋಗಿ ಕಮಿಟಿ ಕೂಡಿಸಿ ತೀರ್ಮಾನ ಮಾಡೋಣ ಎಂದ ಸೆಕ್ರೆಟರಿ. ನೋಡೋಣ, ನೋಡೋಣ, ಎಂದರು ಪ್ರೊಫೆಸರು. ಅದು ಇಲ್ಲ ಎನ್ನುವವರ ಮಾತು. ಹುಡುಗರು ಆಗಲೇ ತಾಟು ಹಿಡಿದು ಸಾಲಾಗಿ ಕೂತಿದ್ದರು. ನಾನು ರೊಟ್ಟಿಯ ಬುಟ್ಟಿಯ ಮೇಲೆ ಅರಿವೆ ಮುಚ್ಚಿ ಅದರ ಮುಂದೆ ಕುಂತೆ.

"ಗೆದ್ದವ್ರು ಧಾರವಾಡಕ್ಕ ಅಂತ ಮಾತಾಗಿತ್ತು. ಅದನ್ನ ಇಲ್ಲೇ ಹೇಳ್ರಿ. ಆಮ್ಯಾಲ ರೊಟ್ಟಿ."

"ಯವ್ವಾ, ಸುಮ್ ಕೂಡ!" ಎಂದಳು ಮಗಳು.

"ಸುಮ್ನ ಕುಂತೀನಲ್ಲ. ನೀಡಾಕತ್ತೀನೇನು?"

ಮೊದಲು ತಾಟು ಬಡಿದವನು ಅಫಜಲಪುರದ ಹುಡುಗ. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ತಾಟುಗಳೂ ಸದ್ದು ಮಾಡಿದವು. ತಮ್ಮ ಸೆಕ್ರೆಟರಿಯ ಮೇಲೆ ಅವರಿಗೆ ಎಷ್ಟು ವರ್ಷದ ಸಿಟ್ಟಿತ್ತೋ, ಅವತ್ತು ಹಸಿವೆ ಒಂದು ನೆಪ ಕೊಟ್ಟಿತು. ಪ್ರೊಫೆಸರು ಕೊಪ್ಪರಿಗೆಯ ಕಡೆ ಒಮ್ಮೆ ನೋಡಿ, ನನ್ನ ಮಗಳೇ ಧಾರವಾಡಕ್ಕೆ ಹೋಗುವುದು ಎಂದು ಎಲ್ಲರಿಗೆ ಕೇಳುವಂತೆ ಹೇಳಿದರು. ನಾನು ಅರಿವೆ ತೆಗೆದೆ. ಸೆಕ್ರೆಟರಿಯೂ ಉಂಡ, ಸಾರು ಎರಡು ಸಲ ಹಾಕಿಸಿಕೊಂಡ. ಸಣ್ಣ ಹುಡುಗ, ಸಿಟ್ಟು ಹೊಟ್ಟೆಯವರೆಗೆ ಇಳಿದಿರಲಿಲ್ಲ.

ಮರುದಿನ ಬೆಳಗ್ಗೆ ಕಾಕಾನ ಮಗ ಊರಿನ ಹಿರಿಯರನ್ನು ಕರೆದುಕೊಂಡು ಬಂದ. ಜಗಳ ಆಡಲು ಏನೂ ಉಳಿದಿರಲಿಲ್ಲ. ನಮ್ಮ ಮನೆಯವರು ಹಾರೆ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ಟೆಂಪೋ ಹೊರಡುವುದು ತಡವಿತ್ತು, ಹುಡುಗರೂ ಹಿಂದೆ ಹೋದರು. ಆ ಕರಿ ಕಲ್ಲನ್ನು ಕಿತ್ತು ಮೊದಲಿನ ಜಾಗಕ್ಕೆ ಉರುಳಿಸಿದವರು ಅವರೇ. ಅಪ್ಪನ ಮನೆಯಲ್ಲಿ ನೀರಿನ ಚರಿಗೆ ಎತ್ತದ ವಕೀಲರು ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡರು. ಇದನ್ನೂ ಸಂಘದ ವರದಿಯಲ್ಲಿ ಬರೆಯೋಣ, ಸಮಾಜ ಸೇವೆ ಆಗುತ್ತದೆ ಎಂದರು ಪ್ರೊಫೆಸರು.

ನಮ್ಮ ನಾಲ್ಕು ಸಾಲು ತೊಗರಿ ಹೋಯಿತು. ನಮ್ಮದಾಗಿದ್ದರೆ ತಾನೆ ಹೋಯಿತು ಅನ್ನಬೇಕು.

ನಮ್ಮ ಮನೆಯವರು ಮಗಳ ಜೊತೆ ಮಾತು ಬಿಟ್ಟರು. ಅವಳು ರಜೆಗೆ ಊರಿಗೆ ಬಂದರೆ ನನಗೆ ಹೇಳುವ ಹಾಗೆ ಅವಳಿಗೆ ಹೇಳುತ್ತಿದ್ದರು: "ಏ ಬೇ, ವಕೀಲರಿಗಿ ಊಟಕ್ಕ ಬಾ ಅನ್ನು." ಅವಳೂ ಕಡಿಮೆ ಇಲ್ಲ: "ಯವ್ವಾ, ಸಾಕ್ಷಿದಾರರಿಗಿ ಬಂದೆ ಅನ್ನು." ಇಬ್ಬರ ನಡುವೆ ನಾನು ಟಪಾಲು ಒಯ್ಯುವ ಕೆಲಸ ಮಾಡಿದೆ, ಬೇಜಾರು ಬಂದ ದಿನ ಒಯ್ಯಲಿಲ್ಲ. ಆ ದಿನ ಇಬ್ಬರೂ ತಣ್ಣಗಿನ ರೊಟ್ಟಿ ತಿಂದರು.

ಅವಳು ಧಾರವಾಡಕ್ಕೆ ಹೋದಳು. ಮೊದಲನೇ ಸುತ್ತಿನಲ್ಲೇ ಸೋತು ಬಂದಳು. ಅಲ್ಲಿ ಸಾಕ್ಷಿಗಳೇ ಇರಲಿಲ್ಲವಂತೆ, ಆಣೆಯೂ ಇಲ್ಲ, ಎಲ್ಲ ಪುಸ್ತಕ ನೋಡಿ ಇಂಗ್ಲಿಷಿನಲ್ಲಿ ಮಾತಾಡುವುದಂತೆ. ಇವಳು ನಡುವೆ ತಡವರಿಸಿದಳಂತೆ. ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ. ಕೈಕಾಲು ತೊಳೆದು ಬಂದು ಒಲೆಯ ಮುಂದೆ ಕೂತಳು.

ಪಡಸಾಲೆಯಿಂದ ನಮ್ಮ ಮನೆಯವರ ದನಿ ಬಂತು. ಈ ಸಲ ನನಗಲ್ಲ.

"ಏನಿತ್ತು ಬೇ ಖಟ್ಲೆ?"

ಅವಳು ಒಲೆಗೆ ಕಟ್ಟಿಗೆ ಸರಿಸಿ ಹೇಳಿದಳು. ಒಬ್ಬ ತನ್ನ ಹೊಲವನ್ನು ಇನ್ನೊಬ್ಬನಿಗೆ ಗುತ್ತಿಗೆ ಕೊಟ್ಟಿದ್ದಾನೆ. ಗುತ್ತಿಗೆ ಹಿಡಿದವನು ಆ ಹೊಲದಲ್ಲಿ ಬಾವಿ ತೋಡಿದ, ನೀರು ಬಿತ್ತು. ಈಗ ಹೊಲದವನು ಬಾವಿ ನನ್ನದು ಎನ್ನುತ್ತಾನೆ. ಇವಳು ಹೊಲದವನ ಪರ ವಕೀಲೆ.

"ಸೋಲದ ಮತ್ತೇನಾಗ್ತದ?" ಎಂದರು ನಮ್ಮ ಮನೆಯವರು, ಒಳಗೆ ಬಂದು ಬಾಗಿಲಿಗೆ ಒರಗಿ. "ತೋಡಿದಾವಂದು ನೀರು."

"ಹೊಲ ಯಾರ್ದು ಯಪ್ಪಾ? ನಾಳಿ ಗುತ್ತಿಗಿ ಮುಗದ ಮ್ಯಾಲ ಬಾವಿ ಹೊತಗೊಂಡು ಹೋಗ್ತಾನೇನು?"

"ಬೆವರು ಯಾರ್ದು ಅದನ್ನ ಹೇಳು ಮೊದಲ."

"ಬೆವರಿಗಿ ಪಟ್ಟಾ ಇರಂಗಿಲ್ಲ!"

"ನಿನ್ನ ಕಾನೂನಿಗಿ ಕಣ್ಣಿಲ್ಲ ಹಂಗಾದ್ರ!"

ಇಬ್ಬರೂ ನೆಲಕ್ಕೆ ಕೂತರು. ಇದ್ದಿಲು ತೆಗೆದುಕೊಂಡು ನನ್ನ ಸಾರಿಸಿದ ನೆಲದ ಮೇಲೆ ಹೊಲ ಬರೆದರು, ಬಾವಿ ಬರೆದರು. ಹಿತ್ತಲಲ್ಲಿ ಎಮ್ಮೆ ಹಿಂಡುವ ಹೊತ್ತಾಯಿತೆಂದು ಒದರುತ್ತಿತ್ತು. ಹಿಂಡಬೇಕಾದವರು ಇಬ್ಬರೂ ಆ ಬಾವಿಯ ಒಳಗೆ ಇಳಿದು ಕೂತಿದ್ದರು. ನಾನೇ ಚರಿಗೆ ತೆಗೆದುಕೊಂಡು ಎದ್ದೆ.